ಸ್ಪಾರ್ಟನ್‌ಬರ್ಗಿನ ಪೆಲಾಗ್ರ ಮತ್ತು ನಮ್ಮ ಜೋಳದ ರೊಟ್ಟಿ

ಅಟ್ಲಾಂಟಾದಿಂದ ಶಾರ್ಲಟ್ ಕಡೆಗೆ ಐ-85 ಹೆದ್ದಾರಿಯಲ್ಲಿ ಹೋಗುವಾಗ ಸ್ಪಾರ್ಟನ್‌ಬರ್ಗ್ ಎಂಬ ಊರು ಸಿಗುತ್ತದೆ. ಸಂಕ್ರಾಂತಿ ಕಾರ್ಯಕ್ರಮಕ್ಕೋ ನೆಂಟರ ಮನೆಗೋ ಹೋಗುತ್ತ ನಿಮ್ಮಲ್ಲಿ ಬಹಳ ಜನ ಅದನ್ನು ದಾಟಿರುತ್ತೀರಿ. 1914ರಲ್ಲಿ ಅಮೆರಿಕ ಸರ್ಕಾರ ಅಲ್ಲಿ ಒಂದೇ ಒಂದು ಕಾಯಿಲೆಗಾಗಿ ಆಸ್ಪತ್ರೆ ತೆರೆಯಿತು. ಆ ಕಾಯಿಲೆ ಪೆಲಾಗ್ರ. ವಿಟಮಿನ್ ಕೊರತೆ ಎಂದ ಕೂಡಲೇ ನಿಮ್ಮ ಕಣ್ಣಿಗೆ ಬರುವುದು ಆಫ್ರಿಕಾದ ಅಥವಾ ಭಾರತದ ಯಾವುದೋ ಹಳ್ಳಿಯ ಮಗು, ಅಲ್ಲವೇ? ಇದು ನೀವು ಶಾಲೆಗೆ ಹೋಗುವ ಕೆರೊಲೈನಾದ ಕಥೆ.

ಪೆಲಾಗ್ರ ಎಂದರೆ ಇಟಾಲಿಯನ್ ಭಾಷೆಯಲ್ಲಿ ಒರಟು ಚರ್ಮ. ಬಿಸಿಲು ತಾಗುವ ಕೈ, ಕತ್ತು, ಮುಖಗಳ ಚರ್ಮ ಸುಟ್ಟಂತೆ ಕೆಂಪಾಗಿ ಸುಲಿಯುತ್ತದೆ. ಆಮೇಲೆ ಭೇದಿ, ಆಮೇಲೆ ಬುದ್ಧಿಭ್ರಮಣೆ, ಕೊನೆಗೆ ಸಾವು. ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಈ ದೇಶದಲ್ಲಿ ಸುಮಾರು 30 ಲಕ್ಷ ಜನರಿಗೆ ಇದು ತಗುಲಿ, ಸುಮಾರು 1 ಲಕ್ಷ ಜನ ಸತ್ತರೆಂದು ಅಂದಾಜು. ಹೆಚ್ಚಿನವರು ದಕ್ಷಿಣದ ರಾಜ್ಯಗಳವರು; ಹತ್ತಿ ಹೊಲಗಳ, ಹತ್ತಿ ಗಿರಣಿಗಳ ಬಡ ಕೂಲಿಕಾರರು. ಅವರು ಉಪವಾಸ ಇರಲಿಲ್ಲ. ಮುಸುಕಿನ ಜೋಳದ ಹಿಟ್ಟು, ಹಂದಿಯ ಕೊಬ್ಬು, ಕಾಕಂಬಿ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು. ದಿನವೂ ಅದೇ.

ಇದು ಅಂಟುರೋಗ ಎಂದೇ ಆಗ ಬಹಳ ವೈದ್ಯರು ನಂಬಿದ್ದರು. ಸ್ಪಾರ್ಟನ್‌ಬರ್ಗಿನ ಗಿರಣಿ ಹಳ್ಳಿಗಳನ್ನು ಮನೆಮನೆ ಸುತ್ತಿ ನೋಡಿದ ಒಂದು ಆಯೋಗವೂ ಹಾಗೆಯೇ ಹೇಳಿತು. ಅಂಥ ಹೊತ್ತಿನಲ್ಲಿ ವಾಷಿಂಗ್ಟನ್‌ನಿಂದ ಬಂದವರು ಡಾ. ಜೋಸೆಫ್ ಗೋಲ್ಡ್‌ಬರ್ಗರ್. ಅವರೂ ವಲಸೆ ಬಂದ ಮನೆಯ ಹುಡುಗನೇ. ಚಿಕ್ಕವರಿದ್ದಾಗ ಅಪ್ಪ ಅಮ್ಮನ ಜೊತೆ ಹಂಗೆರಿಯಿಂದ ಬಂದವರು. ನ್ಯೂಯಾರ್ಕಿನಲ್ಲಿ ಮನೆಯವರದು ಒಂದು ದಿನಸಿ ಅಂಗಡಿ. ಅಂಗಡಿಯವನ ಮಗನಾದ್ದರಿಂದಲೇ ಅವರ ಕಣ್ಣು ಮೊದಲು ಊಟದ ತಟ್ಟೆಗೆ ಹೋಯಿತೋ ಏನೋ, ನನಗೆ ಹಾಗನ್ನಿಸುತ್ತದೆ.

ಅನಾಥಾಶ್ರಮಗಳಲ್ಲಿ ಅವರು ಕಂಡದ್ದು ಇಷ್ಟು: ಮಕ್ಕಳಿಗೆ ಪೆಲಾಗ್ರ ಇದೆ, ಅವರನ್ನು ದಿನವೂ ಮುಟ್ಟಿ ಆರೈಕೆ ಮಾಡುವ ಸಿಬ್ಬಂದಿಗೆ ಇಲ್ಲ. ಅಂಟುರೋಗವಾದರೆ ಇದು ಹೇಗೆ ಸಾಧ್ಯ? ಮಕ್ಕಳಲ್ಲೂ ತೀರ ಚಿಕ್ಕವರಿಗೆ ಹಾಲು ಸಿಗುತ್ತಿತ್ತು, ಕೆಲಸ ಮಾಡುವ ದೊಡ್ಡ ಹುಡುಗರಿಗೆ ಮಾಂಸ ಸಿಗುತ್ತಿತ್ತು. ನರಳುತ್ತಿದ್ದವರು ಹೆಚ್ಚಾಗಿ ಆರರಿಂದ ಹನ್ನೆರಡರ ನಡುವಿನವರು. ಮಿಸಿಸಿಪಿಯ ಜಾಕ್ಸನ್ನಿನ ಎರಡು ಅನಾಥಾಶ್ರಮಗಳಲ್ಲಿ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಊಟಕ್ಕೆ ಸೇರಿಸಿದರು. ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು.

ಮರುವರ್ಷ ಅವರು ಅದರ ತಿರುಗುಮುರುಗು ಮಾಡಿದರು. ಮಿಸಿಸಿಪಿಯ ಒಂದು ಜೈಲು ಹೊಲದಲ್ಲಿ, ಬಿಡುಗಡೆಯ ಆಸೆ ತೋರಿಸಿ, ಆರೋಗ್ಯವಾಗಿದ್ದ ಕೈದಿಗಳಿಗೆ ಹೆಚ್ಚಾಗಿ ಜೋಳದ ಊಟ ಕೊಟ್ಟರು. 11 ಜನರಲ್ಲಿ 6 ಮಂದಿಗೆ ಪೆಲಾಗ್ರ ಬಂತು. ಜೈಲಿನಲ್ಲಿರುವವನ ಒಪ್ಪಿಗೆ ನಿಜವಾದ ಒಪ್ಪಿಗೆಯೇ? ಇಂದು ಯಾರೂ ಇದಕ್ಕೆ ಅನುಮತಿ ಕೊಡಲಾರರು, ಕೊಡಲೂಬಾರದು. ಆದರೆ ಅವರು ತಮ್ಮ ಮೈಯನ್ನೂ ಬಿಟ್ಟುಕೊಂಡವರಲ್ಲ. 1916ರಲ್ಲಿ ರೋಗಿಗಳ ರಕ್ತವನ್ನು ತಾವೇ ಚುಚ್ಚಿಸಿಕೊಂಡರು. ಚರ್ಮದ ಹೊಟ್ಟು, ಮಲ ಮೂತ್ರಗಳನ್ನು ಹಿಟ್ಟಿನಲ್ಲಿ ಕಲಸಿ ಗುಳಿಗೆ ಮಾಡಿ ನುಂಗಿದರು. ಹೆಂಡತಿ ಮೇರಿಯೂ ಹಟ ಹಿಡಿದು ರಕ್ತ ಚುಚ್ಚಿಸಿಕೊಂಡರು. ಯಾರಿಗೂ ಪೆಲಾಗ್ರ ಬರಲಿಲ್ಲ.

ಇಷ್ಟಾದರೂ ಜನ ಒಪ್ಪಲಿಲ್ಲ. ಕೀಟಾಣು ಎಂದರೆ ಯಾರಿಗೂ ಅವಮಾನವಿಲ್ಲ. ಊಟ ಸಾಲದು ಎಂದರೆ ಕೂಲಿ ಸಾಲದು ಎಂದ ಹಾಗೆ. ಅರ್ಥಶಾಸ್ತ್ರಜ್ಞ ಎಡ್ಗರ್ ಸೈಡೆನ್‌ಸ್ಟ್ರಿಕರ್ ಜೊತೆ ದಕ್ಷಿಣ ಕೆರೊಲೈನಾದ ಗಿರಣಿ ಹಳ್ಳಿಗಳಲ್ಲಿ ಲೆಕ್ಕ ಹಾಕಿದಾಗ, ಆದಾಯ ಇಳಿದಂತೆ ಪೆಲಾಗ್ರ ಏರುವುದು ಕಂಡಿತು. ಹತ್ತಿಯ ಬೆಲೆ ಕುಸಿದ 1921ರಲ್ಲಿ ಕಾಯಿಲೆ ಹೆಚ್ಚುತ್ತದೆ ಎಂದು ಸರ್ಕಾರ ಎಚ್ಚರಿಸಿದರೆ, ನೆರವು ಪಡೆಯುವ ಬದಲು ದಕ್ಷಿಣದ ನಾಯಕರು ನಮ್ಮ ಹೆಸರು ಕೆಡಿಸಬೇಡಿ ಎಂದು ಸಿಟ್ಟಾದರು. ಗೋಲ್ಡ್‌ಬರ್ಗರ್ 1929ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಚಿತಾಭಸ್ಮವನ್ನು ಪೊಟೊಮ್ಯಾಕ್ ನದಿಯಲ್ಲಿ ಬಿಟ್ಟರು. ಊಟದಲ್ಲಿ ಇಲ್ಲದಿದ್ದ ವಸ್ತು ನಯಾಸಿನ್, ಅಂದರೆ ಬಿ3 ವಿಟಮಿನ್, ಎಂದು ಗೊತ್ತಾದದ್ದು 1937ರಲ್ಲಿ. ಹಿಟ್ಟಿಗೆ ವಿಟಮಿನ್ ಬೆರೆಸಲೇಬೇಕೆಂಬ ಕಾನೂನನ್ನು 1942ರಲ್ಲಿ ಮೊದಲು ತಂದ ರಾಜ್ಯ ದಕ್ಷಿಣ ಕೆರೊಲೈನಾ! ನಿಮ್ಮ ಅಡುಗೆಮನೆಯ ಮೈದಾ ಚೀಲದ ಮೇಲೆ ನಯಾಸಿನ್ ಎಂದು ಬರೆದಿರುತ್ತದೆ, ನೋಡಿ.

ಇನ್ನು ನಮ್ಮ ಕಡೆಗೆ ಬರೋಣ. ಮುಸುಕಿನ ಜೋಳ ಬೇರೆ, ಉತ್ತರ ಕರ್ನಾಟಕದವರು ರೊಟ್ಟಿ ತಟ್ಟುವ ಬಿಳಿಜೋಳ ಬೇರೆ. ಆದರೆ ದಖ್ಖನ್ ಸೀಮೆಯಲ್ಲಿ ಬಿಳಿಜೋಳವನ್ನೇ ನಂಬಿದ ಬಡವರಲ್ಲೂ ಪೆಲಾಗ್ರ ಇದೆ ಎಂದು 1960ರಲ್ಲಿ ಹೈದರಾಬಾದಿನ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ವರದಿ ಮಾಡಿದರು. ಹಾಗೆಂದು ರೊಟ್ಟಿಯನ್ನು ದೂರಬೇಡಿ. ಅಜ್ಜಿ ರೊಟ್ಟಿಯ ಜೊತೆ ಕಾಳುಪಲ್ಯ, ಮೊಸರು, ಶೇಂಗಾ ಚಟ್ನಿಪುಡಿ ಇಡುತ್ತಾರಲ್ಲ, ನಯಾಸಿನ್ ಬೇಕಾದಷ್ಟು ಇರುವುದು ಆ ಶೇಂಗಾದಲ್ಲೇ. ಬರೀ ರೊಟ್ಟಿ, ಖಾರ ತಿಂದು ಹೊಲಕ್ಕೆ ಹೋಗುವವರ ಪಾಡು ಬೇರೆ. ಮಲಾವಿಯಲ್ಲಿದ್ದ ಮೊಜಾಂಬಿಕ್ ನಿರಾಶ್ರಿತರಿಗೆ ಆದದ್ದೂ ಇದೇ: ಪಡಿತರದಲ್ಲಿ ಮುಸುಕಿನ ಜೋಳದ ಜೊತೆ ಬರುತ್ತಿದ್ದ ಶೇಂಗಾ ನಿಂತುಹೋಯಿತು, 1990ರಲ್ಲಿ 18,000ಕ್ಕೂ ಹೆಚ್ಚು ಜನರಿಗೆ ಪೆಲಾಗ್ರ ಬಂತು. ಅದನ್ನು ಜಗತ್ತಿಗೆ ತಿಳಿಸಿದ ವರದಿ ಅಚ್ಚಾದದ್ದು ಅಟ್ಲಾಂಟಾದ ಸಿಡಿಸಿಯ ವಾರಪತ್ರಿಕೆಯಲ್ಲಿ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಈಗ ಬಿಸಿಯೂಟವಿದೆ. 2013ರಿಂದ ಹಾಲೂ ಇದೆ. 2021ರ ಡಿಸೆಂಬರಿನಲ್ಲಿ ಯಾದಗಿರಿ, ರಾಯಚೂರು ಮೊದಲಾದ ಜಿಲ್ಲೆಗಳ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಆದರೂ ಇದರಲ್ಲಿ ನಾನು ಗೋಲ್ಡ್‌ಬರ್ಗರ್ ಪಕ್ಷ. ಬೇಡದವರಿಗೆ ಬಾಳೆಹಣ್ಣು ಇಟ್ಟಿದ್ದರು. ಬೇಕು ಎಂದ ಮಕ್ಕಳು ಮೊಟ್ಟೆ ಸುಲಿದು ತಿಂದರು.