ಬಯಲು ಯಾರ ಕಾಲಿಗೆ

ಮಹಾನವಮಿಯ ಹೊತ್ತಿಗೆ ಹಾವೇರಿ ಜಿಲ್ಲೆಯ ದೇವರಗುಡ್ಡದಲ್ಲಿ ಮಾಲತೇಶನ ಕಾರಣಿಕ. ಬಿಲ್ಲನ್ನೇರಿದ ಗೊರವಯ್ಯ ‘ಸದ್ದಲೇ’ ಎಂದೊಡನೆ ಅಷ್ಟು ದೊಡ್ಡ ಜಂಗುಳಿ ಉಸಿರು ಬಿಗಿಹಿಡಿಯುತ್ತದೆ. ನುಡಿ ಮುಗಿಸಿ ಆತ ಮೇಲಿನಿಂದ ಬೀಳುವಾಗ ಕೆಳಗಿನ ಕೈಗಳು ಹಿಡಿದುಕೊಳ್ಳುತ್ತವೆ. ದೀಪಾವಳಿ ಬಂತೆಂದರೆ ಇದೇ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಹಾರ ಕಟ್ಟಿಕೊಂಡು ನುಗ್ಗುವ ಹೋರಿಯ ಕೊರಳಿಗೆ ಕೈಹಾಕಲು ಹುಡುಗರು ಪ್ರಾಣ ಲೆಕ್ಕಿಸದೆ ಓಡುತ್ತಾರೆ. ಊರ ಬಯಲು ಗಂಡಸಿನ ಮೈಗೆ ಎಂದಿನಿಂದಲೂ ಪಳಗಿದೆ. ಹೆಣ್ಣುಮಕ್ಕಳ ದುಡಿಮೆ ಹೊಲದಲ್ಲೇ ಇದ್ದರೂ ಆಟ ಮಾತ್ರ ಅಂಗಳ ದಾಟಲಿಲ್ಲ. ಕರ್ನಾಟಕದ ಫುಟ್‌ಬಾಲ್ ಚರಿತ್ರೆಯನ್ನು ಈ ಕಡೆಯಿಂದ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಗಂಡಸರ ಆಟ ವಿಶ್ವವಿದ್ಯಾಲಯದ ಹಂಗಿಲ್ಲದೆ ಬೆಳೆಯಿತು, ಹೆಂಗಸರ ಆಟಕ್ಕೆ ವಿಶ್ವವಿದ್ಯಾಲಯದಷ್ಟು ಗಟ್ಟಿಯಾದ ನೆಲೆ ಬೇರೊಂದಿಲ್ಲ.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಗೋರಾ ಸಿಪಾಯಿಗಳು ಆಡುತ್ತಿದ್ದುದನ್ನು ನೋಡಿ ಹಲಸೂರು, ಗೌತಮಪುರದ ಹುಡುಗರು ಚೆಂಡು ಒದೆಯಲು ಕಲಿತರು. ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆಯಿದೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಅದು ಬ್ರಿಟಿಷ್ ಪಡೆಗಳ ಸೊತ್ತಿನಂತಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಲ್ಲೇ ಆಡಿದ ಭಾರತ ಫ್ರಾನ್ಸಿಗೆ 2-1ರಿಂದ ಸೋತಿತು. ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್‌ದು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಎತ್ತಿತು, ಕೊನೆಯದು 1968-69ರಲ್ಲಿ. ಈ ಹುಡುಗರ ಹೊಟ್ಟೆಪಾಡನ್ನು ನೋಡಿಕೊಂಡದ್ದು ಕಾಲೇಜಲ್ಲ, ಕಾರ್ಖಾನೆ. ಎಚ್‌ಎಎಲ್, ಐಟಿಐನಂಥ ಸಂಸ್ಥೆಗಳು ಚೆನ್ನಾಗಿ ಆಡುವವನಿಗೆ ನೌಕರಿ ಕೊಟ್ಟವು, ಸಂಜೆ ಅಭ್ಯಾಸಕ್ಕೆ ಬಿಟ್ಟವು. 1977ರಲ್ಲಿ ನಡೆದ ಮೊದಲ ಫೆಡರೇಶನ್ ಕಪ್ ಫೈನಲ್‌ನಲ್ಲಿ ಮೋಹನ್ ಬಗಾನ್ ಅನ್ನು ಸೋಲಿಸಿದ್ದು ಇದೇ ಐಟಿಐ ತಂಡ. ಕಾಲಲ್ಲಿ ಆಟವಿದ್ದರೆ ಕೈಯಲ್ಲಿ ಸಂಬಳ ಎಂಬ ಭರವಸೆ ಒಂದು ತಲೆಮಾರನ್ನೇ ಬೆಳೆಸಿತು.

ಹೆಣ್ಣುಮಕ್ಕಳಿಗೆ ಆ ಏಣಿಯೇ ಇರಲಿಲ್ಲ. ಅವರಿಗೆ ಆಸಕ್ತಿ ಇರಲಿಲ್ಲವೆಂದು ಹೇಳುವವರು ಇಂಗ್ಲೆಂಡಿನ ಕಥೆ ಕೇಳಬೇಕು. ಪ್ರೆಸ್ಟನ್ ಊರಿನ ‘ಡಿಕ್, ಕೆರ್’ ಎಂಬ ಕಾರ್ಖಾನೆಯ ಹೆಣ್ಣಾಳುಗಳು ಕಟ್ಟಿದ ತಂಡದ ಪಂದ್ಯ ನೋಡಲು 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನಲ್ಲಿ ಸುಮಾರು 53,000 ಜನ ಸೇರಿದರು. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳ ಮೈದಾನವನ್ನು ಹೆಂಗಸರಿಗೆ ಮುಚ್ಚಿತು. ಸುಮಾರು ಅರ್ಧ ಶತಮಾನ ಅದು ತೆರೆಯಲಿಲ್ಲ. ಬತ್ತಿದ್ದು ಆಸಕ್ತಿಯಲ್ಲ, ಕಿತ್ತುಕೊಂಡದ್ದು ಮೈದಾನ. ಭಾರತದಲ್ಲಿ ಮಹಿಳಾ ಫುಟ್‌ಬಾಲ್ ಫೆಡರೇಶನ್ ಹುಟ್ಟಿದ್ದು 1975ರಲ್ಲಿ. ಐದೇ ವರ್ಷದಲ್ಲಿ, ಕೋಳಿಕ್ಕೋಡಿನಲ್ಲಿ ನಡೆದ ಏಷ್ಯಾ ಪಂದ್ಯಾವಳಿಯಲ್ಲಿ ನಮ್ಮ ಹುಡುಗಿಯರು ಎರಡನೆಯ ಸ್ಥಾನ ಪಡೆದರು, 1983ರಲ್ಲಿ ಮತ್ತೊಮ್ಮೆ. ಆದರೂ ಮಹಿಳೆಯರ ರಾಷ್ಟ್ರೀಯ ಲೀಗ್ ಶುರುವಾಗಲು 2016-17 ಬರಬೇಕಾಯಿತು. ಅಮೆರಿಕದಲ್ಲಿ ಬೇರೆಯೇ ಆಯಿತು. 1972ರ ಕಾನೂನೊಂದು ಶಿಕ್ಷಣದಲ್ಲಿ ಲಿಂಗಭೇದ ಕೂಡದೆಂದಿತು. ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳ ತಂಡ ಕಟ್ಟಲೇಬೇಕಾಯಿತು. 1991ರಲ್ಲಿ ಮೊದಲ ಮಹಿಳಾ ವಿಶ್ವಕಪ್ ಗೆದ್ದ ಅಮೆರಿಕ ತಂಡದ ಕೋಚ್ ಆನ್ಸನ್ ಡೊರಾನ್ಸ್, ಆಗ ನಾರ್ತ್ ಕರೋಲಿನಾ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೂ ಕೋಚ್ ಆಗಿದ್ದರು.

ಅಮೆರಿಕದ ಹಣ ಹಾವೇರಿಯಲ್ಲಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಸಹಜ. 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು 2023ರಲ್ಲಿ ಬಂದ ಹಾವೇರಿ ವಿಶ್ವವಿದ್ಯಾಲಯವನ್ನೂ ಸೇರಿಸಿ ಹಲವು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ಎದ್ದದ್ದೇ ಹಣದ ಕಾರಣಕ್ಕೆ. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ಬಡಗಣ ಕರ್ನಾಟಕದ ಆಟ ಕಬಡ್ಡಿ, ಖೋ-ಖೋ, ಫುಟ್‌ಬಾಲ್ ಯಾಕೆ ಹೇರಬೇಕು? ಹೇರುವುದು ಬೇಡ, ನಿಜ. ಆದರೆ ಅಳತೆ ನೋಡಿ. ಹೆಂಗಸರ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಫುಟ್‌ಬಾಲ್ ಮೈದಾನ 105ಕ್ಕೆ 68, ಅಂದರೆ ಸುಮಾರು ಒಂದೂ ಮುಕ್ಕಾಲು ಎಕರೆ. ಸಣ್ಣ ಅಂಕಣವನ್ನು ಶಾಲೆಯ ಮೂಲೆಯಲ್ಲಿ ಗೆರೆ ಎಳೆದು ಹುಡುಗಿಯರಿಗೆ ಬಿಟ್ಟುಕೊಡಬಹುದು, ಊರು ಗೊಣಗುವುದಿಲ್ಲ. ಅಷ್ಟು ದೊಡ್ಡ ಬಯಲಿನಲ್ಲಿ ಸಂಜೆಯ ಹೊತ್ತು, ನೀರು ತುಂಬುವ, ಒಲೆ ಹಚ್ಚುವ ಹೊತ್ತಿನಲ್ಲಿ, ಇಪ್ಪತ್ತೆರಡು ಹುಡುಗಿಯರು ಒಂದೂವರೆ ತಾಸು ಓಡಾಡಬೇಕೆಂದರೆ ಮನೆಯೂ ಊರೂ ಕಾರಣ ಕೇಳುತ್ತವೆ. ‘ಕಾಲೇಜಿನ ಟೀಮು’ ಎಂಬುದು ಆಗ ಹುಡುಗಿಯ ಬಾಯಲ್ಲಿರುವ ಗಟ್ಟಿ ಉತ್ತರ. ಇದಕ್ಕೆ ಬೇಕಾದದ್ದು ಅಮೆರಿಕದ ಬೊಕ್ಕಸವಲ್ಲ. ವೇಳಾಪಟ್ಟಿಯಲ್ಲಿ ಒಂದು ಸಾಲು, ಒಬ್ಬ ತರಬೇತುದಾರ್ತಿ, ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ.

2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿನಲ್ಲೇ ನಡೆಯಿತು. ಅಲ್ಲಿ ಗಂಡಸರ ಫುಟ್‌ಬಾಲೂ ಇತ್ತು, ಹೆಂಗಸರದೂ ಇತ್ತು. ಮರುವರ್ಷ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕದ ಗಂಡಸರು ಮೇಘಾಲಯವನ್ನು 3-2ರಿಂದ ಮಣಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಮನೆಗೆ ತಂದರು. ಅಷ್ಟು ವರ್ಷ ಗೆಲುವಿಲ್ಲದಿದ್ದರೂ ಅವರ ಆಟ ನಿಲ್ಲಲಿಲ್ಲ, ಏಕೆಂದರೆ ಅದರ ಹಿಂದೆ ಗಲ್ಲಿ, ಕ್ಲಬ್ಬು, ಕಾರ್ಖಾನೆ ಇದ್ದವು. ದೇವರಗುಡ್ಡದಿಂದ ರಾಣೆಬೆನ್ನೂರಿನ ಕಾಲೇಜಿಗೆ ಬಸ್ಸು ಹತ್ತುವ ಹುಡುಗಿಯ ಹಿಂದೆ ಇವ್ಯಾವುವೂ ಇಲ್ಲ. ಕಾಲೇಜಿನ ಮೈದಾನ ಒಂದಿದೆ.