ಕಲ್ಲಿನ ಮೇಲಿನ ಕ್ಷೌರದ ಕತ್ತಿ

ಬೆನ್ನು ದಪ್ಪ, ಬಾಯಿ ತೆಳು, ನಡುವೆ ಬೆಣೆಯಂತೆ ಇಳಿಜಾರು: ಹಳೆಯ ಕ್ಷೌರದ ಕತ್ತಿಯ ರೂಪವಿದು. ಅಲಗಿನ ಇಕ್ಕೆಲಗಳನ್ನು ಒಳದಗ್ಗಾಗಿ ಅರೆಯುವ ಪದ್ಧತಿ ಯುರೋಪಿನಲ್ಲಿ ಹಬ್ಬಿದ್ದು 19ನೆಯ ಶತಮಾನದಲ್ಲಿ. ಬೆಣೆಗತ್ತಿಯ ಕಾಲವನ್ನು ಅರಸುವವರು ಜಗಳೂರು ಸೀಮೆಯಲ್ಲಿ ಸಂತೆಯನ್ನಷ್ಟೇ ಅಲ್ಲ, ಶಾಸನಗಳನ್ನೂ ನೋಡಬೇಕು. ಜಗಳೂರು 1997ರವರೆಗೆ ಸೇರಿದ್ದ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಮೊಳಕಾಲ್ಮುರು ಕಡೆಗಳಲ್ಲಿ ವಿಜಯನಗರದ ಸದಾಶಿವರಾಯನ ಕಾಲದ ನಾಪಿತರ ಶಾಸನಗಳಿವೆ. ಬಾದಾಮಿಯ ಕೊಂಡೋಜನೆಂಬ ನಾಪಿತನ ಕೈಚಳಕಕ್ಕೆ ಅಳಿಯ ರಾಮರಾಯ ಮೆಚ್ಚಿದನು. ಆತ ಬೇಡಿದ್ದು ತನ್ನೊಬ್ಬನ ಲಾಭವನ್ನಲ್ಲ. ನಾಪಿತರೆಲ್ಲರಿಗೂ ತೆರಿಗೆ, ಬಿಟ್ಟಿ, ಮಹಾನವಮಿಯ ಪಂಜಿನ ಹೊರೆ ತಪ್ಪಿದವು. ಇಂಥ ಕೆಲವು ಕಲ್ಲುಗಳ ನೆತ್ತಿಯಲ್ಲಿ ಕತ್ತಿ, ಅದನ್ನು ಮಸೆಯುವ ಪಟ್ಟಿ, ಕನ್ನಡಿ, ಕತ್ತರಿಗಳನ್ನು ಕೊರೆಯಲಾಗಿದೆ. ಅಕ್ಷರ ಬಾರದವನಿಗೂ ಅದು ಯಾರ ಕಲ್ಲೆಂದು ತಿಳಿಯುತ್ತಿದ್ದಿರಬೇಕು.