ಟೆಲಿಪ್ರಿಂಟರಿನಿಂದ ಸೀರಿಯಲ್ ಪೋರ್ಟಿಗೆ

ಸೀರಿಯಲ್ ಎಂದೊಡನೆ ನಮ್ಮ ಮನೆಗಳಲ್ಲಿ ಸಂಜೆಯ ಧಾರಾವಾಹಿಯ ನೆನಪಾಗುವುದು ಸಹಜ. ನಾನು ಹೇಳಹೊರಟಿರುವುದು ಗಣಕಯಂತ್ರದ ಬೆನ್ನಿನಲ್ಲಿ, ಒಂಬತ್ತು ಸೂಜಿಗಳ ಕಿಂಡಿಯಾಗಿ ಒಂದು ಕಾಲಕ್ಕೆ ತಪ್ಪದೆ ಇರುತ್ತಿದ್ದ ಸೀರಿಯಲ್ ಪೋರ್ಟಿನ ವಿಚಾರ. ಒಣ ವಿಷಯವೆನಿಸಬಹುದು. ಆದರೆ ಇದರ ವಂಶಾವಳಿಯನ್ನು ಹುಡುಕುತ್ತ ಹೋದರೆ ಕೋಡಂಬಾಕ್ಕಂನಿಂದ ಲೋಕಲ್ ರೈಲಿನಲ್ಲಿ ಮೂರನೆಯ ನಿಲ್ದಾಣವಾದ ಗಿಂಡಿಯನ್ನು ಹಾದೇ ಹೋಗಬೇಕು.

ನನಗೆ ಇದರ ಗೊಡವೆ ಅಂಟಿಕೊಂಡದ್ದು ಕಛೇರಿಯಲ್ಲಿ. ಟಪಾಲು ವಿಭಾಗದ ತೂಕದ ಯಂತ್ರವನ್ನು ಡೆಸ್ಕ್‌ಟಾಪಿಗೆ ಜೋಡಿಸಿ, ತೂಕ ತಾನಾಗಿ ರಿಜಿಸ್ಟರಿಗೆ ಏರುವಂತೆ ಪ್ರೋಗ್ರಾಂ ಬರೆದುಕೊಡಿ ಎಂದರು. ಬಿ.ಎಸ್‌ಸಿ. ಓದಿದ ಗುಮಾಸ್ತನಿಗೆ ಇಂಥವು ತಪ್ಪಿದ್ದಲ್ಲ. ರಿಚ್ಚಿ ಸ್ಟ್ರೀಟಿನಿಂದ ಯುಎಸ್‌ಬಿಗೆ ಸೀರಿಯಲ್ ಜೋಡಿಸುವ ಕೇಬಲ್ ತಂದು ಬರೆದುಕೊಟ್ಟೆ. ಎರಡು ವಾರ ಎಲ್ಲವೂ ಸುಸೂತ್ರ. ಆಮೇಲೆ 12.350 ಕಿಲೋ ತೂಗುವ ಕಟ್ಟು 2.350 ಎಂದು ದಾಖಲಾಯಿತು. ಅಂಥವು ಏಳೆಂಟು ಸೇರಿ, ಅಂಚೆ ವೆಚ್ಚದ ಲೆಕ್ಕ ತಾಳೆಯಾಗದೆ, ಅಪವಾದ ಕೌಂಟರಿನಲ್ಲಿದ್ದ ಗುತ್ತಿಗೆಯ ಹುಡುಗನ ತಲೆಗೆ ಬಂತು. ಯಂತ್ರ ಸುಳ್ಳು ಹೇಳುವುದುಂಟೇ ಎಂಬುದು ಮೇಲಿನವರ ವಾದ. ವಿವರಣೆ ಕೇಳಿ ಹುಡುಗನಿಗೆ ಮೆಮೊ ಹೋಯಿತು. ದೋಷ ನನ್ನ ಪ್ರೋಗ್ರಾಂನದ್ದಿರಬಹುದೆಂಬ ಸಂಶಯ ನನಗೆ ಆಗಲೇ ಇತ್ತು. ಬಾಯಿ ಬಿಡಲು ನಾಲ್ಕು ದಿನ ಹಿಡಿಯಿತೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ನಮ್ಮ ಸೋದರಮಾವ ತಂತಿ ಕಛೇರಿಯಲ್ಲಿ ಟೆಲಿಪ್ರಿಂಟರ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಭಾನುವಾರ ಕಾಫಿಗೆ ಬಂದಾಗ ಸಂಕಟ ತೋಡಿಕೊಂಡೆ. "ಬರ್ತಾ ಇರೋ ಮೆಸೇಜನ್ನ ಮಧ್ಯದಲ್ಲಿ ಹರಿದ್ರೆ ಅರ್ಧವೇ ತಾನೆ ಕೈಗೆ ಬರೋದು? ಮುಗಿದ ಗುರುತು ಬರೋವರೆಗೆ ಕಾಯಬೇಕಪ್ಪ" ಎಂದರು. ಅವರು ಗಣಕದ ಪ್ರೋಗ್ರಾಂ ಎಂಬುದನ್ನು ಕಂಡವರೇ ಅಲ್ಲ. ಆದರೂ ರೋಗ ಹಿಡಿದುಬಿಟ್ಟಿದ್ದರು. ಅದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ದೇಶದಲ್ಲಿ ತಂತಿಯ ಪ್ರಯೋಗ ನಡೆದದ್ದು 1850ರಲ್ಲಿ, ಕಲ್ಕತ್ತ ಮತ್ತು ಡೈಮಂಡ್ ಹಾರ್ಬರ್ ನಡುವೆ. ಮೋರ್ಸನ ಕಟ್ಟು-ಕಡ ಸಂಕೇತದಲ್ಲಿ ಒಂದು ಅಕ್ಷರ ಗಿಡ್ಡ, ಇನ್ನೊಂದು ಉದ್ದ. ಮನುಷ್ಯನ ಕಿವಿಗೆ ಅದು ಒಗ್ಗುತ್ತದೆ, ಯಂತ್ರಕ್ಕೆ ಒಗ್ಗದು. ಫ್ರಾನ್ಸಿನ ಎಮಿಲ್ ಬೋದೊ 1874ರಲ್ಲಿ ಪ್ರತಿ ಅಕ್ಷರಕ್ಕೂ ಸಮನಾಗಿ ಐದೇ ಸ್ಪಂದನಗಳ ಸಂಕೇತವನ್ನು ಮುಂದಿಟ್ಟ. ವೇಗವನ್ನು ಅಳೆಯುವ ‘ಬಾಡ್’ ಎಂಬ ಮಾನ ಅವನ ಹೆಸರಿನದೇ. 1901ರಲ್ಲಿ ಡೊನಾಲ್ಡ್ ಮರ್ರೆ ಅದನ್ನು ಬೆರಳಚ್ಚಿನ ಕೀಲಿಗಳಿಗೆ ಹೊಂದಿಸಿದ. ಐದು ಸ್ಪಂದನಗಳಿಂದ ಸಿಗುವುದು ಬರಿಯ 32 ಗುರುತು. ಅಕ್ಷರಗಳೂ ಅಂಕಿಗಳೂ ಅಷ್ಟರಲ್ಲೇ ಸೇರಬೇಕಾದ್ದರಿಂದ ‘ಇನ್ನು ಮುಂದೆ ಅಂಕಿ’ ಎನ್ನುವ ಬದಲಿ ಗುರುತೊಂದಿತ್ತು. ದಾರಿಯಲ್ಲಿ ಆ ಗುರುತು ಕೆಟ್ಟರೆ 15 ಎಂಬುದು ‘ಕ್ಯೂಟಿ’ ಎಂದು ಅಚ್ಚಾಗುತ್ತಿತ್ತು! ಆದಕಾರಣ ಸಂದೇಶದೊಳಗಿನ ಅಂಕಿಗಳನ್ನು ಕೊನೆಯಲ್ಲಿ ಮತ್ತೊಮ್ಮೆ ಕಳಿಸುವುದು, ತಲೆಬರಹದಲ್ಲೇ ಒಟ್ಟು ಪದಗಳ ಸಂಖ್ಯೆ ಕೊಡುವುದು ರೂಢಿಗೆ ಬಂತು. ಕೊನೆಯಾಯಿತೆಂದು ತಿಳಿಸಲು ನಾಲ್ಕು ‘ಎನ್’ ಬರೆಯುವುದು ಅಂತಾರಾಷ್ಟ್ರೀಯ ಪದ್ಧತಿ. ಮಾವ ಹೇಳಿದ ಗುರುತು ಇದೇ.

ದೊಡ್ಡ ತೊಡಕು ಬೇರೆ ಇತ್ತು. ಕೊಡವನ್ನು ಬಗ್ಗಿಸಿದಂತೆ ಒಮ್ಮೆಗೇ ಸುರಿಯದೆ, ಗಿಂಡಿಯ ಮೂತಿಯಿಂದ ಸಣ್ಣ ಧಾರೆ ಬಿಟ್ಟಂತೆ ಒಂದೇ ತಂತಿಯಲ್ಲಿ ಸ್ಪಂದನಗಳು ಒಂದರ ಹಿಂದೊಂದು ಬರುತ್ತವೆ. ಅಕ್ಷರ ಎಲ್ಲಿ ಆರಂಭ, ಎಲ್ಲಿ ಮುಗಿತಾಯ? ಎರಡೂ ಊರಿನ ಮೋಟಾರುಗಳು ಎಂದೆಂದಿಗೂ ಒಂದೇ ವೇಗದಲ್ಲಿ ತಿರುಗುವುದು ಆಗದ ಮಾತು. ಅಮೆರಿಕದ ಹೊವರ್ಡ್ ಕ್ರಮ್ 1910ರ ದಶಕದಲ್ಲಿ ಪಕ್ವಗೊಳಿಸಿದ ಉಪಾಯ ನಿಜಕ್ಕೂ ಸರಳ. ಪ್ರತಿ ಅಕ್ಷರದ ಮುಂದೆ ‘ಹೊರಡು’ ಎಂಬ ಸ್ಪಂದನ, ಹಿಂದೆ ‘ನಿಲ್ಲು’ ಎಂಬ ಸ್ಪಂದನ. ವೇಗದ ಅಲ್ಪ ವ್ಯತ್ಯಾಸ ಒಂದು ಅಕ್ಷರದ ಮಟ್ಟಿಗೆ ಉಳಿದು, ಮುಂದಿನದಕ್ಕೆ ಲೆಕ್ಕ ಹೊಸದಾಗುತ್ತದೆ. 50 ಬಾಡ್ ವೇಗದಲ್ಲಿ ಒಂದು ಸ್ಪಂದನಕ್ಕೆ 20 ಮಿಲಿಸೆಕೆಂಡು. ಹೊರಡಲು ಒಂದು, ಅಕ್ಷರಕ್ಕೆ ಐದು, ನಿಲ್ಲಲು ಒಂದೂವರೆ. ಒಟ್ಟು 150 ಮಿಲಿಸೆಕೆಂಡು, ಎಂದರೆ ನಿಮಿಷಕ್ಕೆ 400 ಅಕ್ಷರ. ಮೋಟಾರಿನ ವೇಗವನ್ನು ಶ್ರುತಿಕವೆ ಮೀಟಿ ಅದರ ಸಂದಿಯಿಂದ ನೋಡಿ ಹೊಂದಿಸುತ್ತಿದ್ದರಂತೆ. ವೀಣೆಗೆ ಶ್ರುತಿ ಮಾಡುವಂತೆ ಎಂದು ಮಾವ ಇಂದಿಗೂ ಬೆರಳಾಡಿಸಿ ತೋರಿಸುತ್ತಾರೆ.

ಈ ಯಂತ್ರಗಳನ್ನು ಇಲ್ಲೇ ಮಾಡಲೆಂದು ಕೇಂದ್ರ ಸರ್ಕಾರ ಹಿಂದುಸ್ತಾನ್ ಟೆಲಿಪ್ರಿಂಟರ್ಸ್ ಸಂಸ್ಥೆಯನ್ನು ಸ್ಥಾಪಿಸಿದ್ದು 1960ರ ಡಿಸೆಂಬರಿನಲ್ಲಿ. ಕಾರ್ಖಾನೆ ನಮ್ಮ ಗಿಂಡಿಯಲ್ಲಿ, ತಾಂತ್ರಿಕ ನೆರವು ಇಟಲಿಯ ಒಲಿವೆಟ್ಟಿಯವರದು. ರೋಮನ್ ಲಿಪಿಯ ಯಂತ್ರಗಳಲ್ಲದೆ ದೇವನಾಗರಿಯವೂ ಅಲ್ಲಿ ತಯಾರಾದವು. 2001ರಲ್ಲಿ ಸರ್ಕಾರ ಅದರ ನೂರಕ್ಕೆ 74 ಪಾಲನ್ನು ಖಾಸಗಿಯವರಿಗೆ ಮಾರಿತು. 2013ರ ಜುಲೈಯಲ್ಲಿ ತಂತಿ ಸೇವೆಯೇ ನಿಂತುಹೋಯಿತು.

ಅದೇ 1960ರಲ್ಲಿ ಅಮೆರಿಕದಲ್ಲಿ ಆರ್‌ಎಸ್-232 ಎಂಬ ಮಾನಕ ಹೊರಬಿತ್ತು. ಟೆಲಿಪ್ರಿಂಟರಿನಂಥ ಯಂತ್ರವನ್ನು ಮೋಡೆಮ್‌ಗೆ ಸೇರಿಸಲು ಯಾವ ಸೂಜಿಯಲ್ಲಿ ಏನು ಹರಿಯಬೇಕೆಂಬ ಕಟ್ಟಳೆ ಅದು. ಆಗಿನ ಗಣಕಗಳಿಗೆ ಕೀಲಿಮಣೆಯೂ ಕಾಗದವೂ ಆಗಿ ಟೆಲಿಪ್ರಿಂಟರೇ ಒದಗಿತು. ಯೂನಿಕ್ಸ್ ವ್ಯವಸ್ಥೆಯಲ್ಲಿ ಇಂದಿಗೂ ಉಳಿದಿರುವ ‘ಟಿಟಿವೈ’ ಎಂಬ ಹೆಸರು ಟೆಲಿಟೈಪಿನದು. ಅಚ್ಚಿನ ಗಾಡಿಯನ್ನು ಎಡಕ್ಕೆ ಎಳೆಯುವುದು, ಕಾಗದವನ್ನು ಒಂದು ಗೆರೆ ಮೇಲೇರಿಸುವುದು ಎರಡು ಬೇರೆ ಕೆಲಸವಾದ್ದರಿಂದ ಎರಡು ಗುರುತು ಬೇಕಾಗಿತ್ತು. ಗಾಡಿ ಹೋಯಿತು, ಕಾಗದ ಹೋಯಿತು, ವಿಂಡೋಸ್‌ನಲ್ಲಿ ಸಾಲಿನ ಕೊನೆಗೆ ಆ ಎರಡೂ ಗುರುತು ಹಾಗೆಯೇ ಉಳಿದಿವೆ. ನನ್ನ ತೂಕದ ಯಂತ್ರವೂ ಪ್ರತಿ ತೂಕದ ಹಿಂದೆ ಅವನ್ನೇ ಕಳಿಸುತ್ತದೆ.

1981ರಲ್ಲಿ ಐಬಿಎಂ ಪಿ.ಸಿ. ಬಂದಾಗ, ಟೆಲಿಪ್ರಿಂಟರಿನ ತಿರುಗುವ ಕ್ಯಾಮ್‌ಗಳು ಮಾಡುತ್ತಿದ್ದ ಕೆಲಸವನ್ನು 8250 ಎಂಬ ಚಿಪ್ ಮಾಡಿತು. ಅದರ ಕೈಯಲ್ಲಿ ಹಿಡಿಯುತ್ತಿದ್ದುದು ಒಂದೇ ಬೈಟು. 9600 ಬಾಡ್‌ನಲ್ಲಿ ಸುಮಾರು ಒಂದು ಮಿಲಿಸೆಕೆಂಡಿಗೊಂದು ಬೈಟು ಬರುತ್ತದೆ. ಅಷ್ಟರೊಳಗೆ ಎತ್ತಿಕೊಳ್ಳದಿದ್ದರೆ ಹೋಯಿತು. ಮುಂದೆ 16550 ಚಿಪ್ 16 ಬೈಟು ಕೂಡಿಡಲು ಕಲಿತಿತು. ಈಗ ಆಪರೇಟಿಂಗ್ ಸಿಸ್ಟಂ ಇನ್ನೂ ಹೆಚ್ಚು ಹಿಡಿದಿಡುತ್ತದೆ. ನಮ್ಮ ಪ್ರೋಗ್ರಾಂ ‘ಓದು’ ಎಂದು ಕೇಳಿದಾಗ ಆ ಕ್ಷಣಕ್ಕೆ ಕೂಡಿರುವಷ್ಟನ್ನು ಕೊಡುತ್ತದೆ. ಅದು ಇಡೀ ಸಂದೇಶವೋ, ಅರ್ಧವೋ, ಒಂದರ ಬಾಲಕ್ಕೆ ಇನ್ನೊಂದರ ತಲೆಯೋ, ಅದಕ್ಕೆ ಗೊತ್ತಿಲ್ಲ. ನಾನು ಕೈಗೆ ಸಿಕ್ಕಿದ್ದನ್ನೇ ಪೂರ್ಣ ತೂಕವೆಂದು ತಿಳಿದಿದ್ದೆ. ಮುಂದಿನ ‘1’ ಹಿಂದಿನ ತುಂಡಿನಲ್ಲಿ ಉಳಿದು, 2.350 ಮಾತ್ರ ರಿಜಿಸ್ಟರಿಗೆ ಹತ್ತಿತ್ತು.

ತಿದ್ದಿದ್ದು ಹೀಗೆ. ಬಂದದ್ದನ್ನೆಲ್ಲ ಒಂದು ಕಡೆ ಕೂಡಿಡುವುದು. ಸಾಲಿನ ಕೊನೆಯ ಗುರುತು ಕಂಡ ಮೇಲೆಯೇ ಬಿಡಿಸುವುದು. ಕೇಬಲ್ ಜೋಡಿಸಿದೊಡನೆ ಸಿಗುವ ಮೊದಲ ತುಂಡನ್ನು ಎಸೆಯುವುದು. ಈ ಕಾಯುವ ಕೆಲಸವನ್ನು ಪರದೆಯ ಕೆಲಸದಿಂದ ಬೇರೆಯಾಗಿಡಬೇಕು, ಇಲ್ಲವಾದರೆ ಕಿಟಕಿ ಮರಗಟ್ಟಿ ಕೂರುತ್ತದೆ. ಬರೆಯುವಾಗಲೂ ಇದೇ ನ್ಯಾಯ: ‘ತೂಕ ಕೊಡು’ ಎಂಬ ಆಜ್ಞೆಯ ಹಿಂದೆ ಕೊನೆಯ ಗುರುತು ಕಳಿಸದೆ ಅರ್ಧ ದಿನ ಯಂತ್ರವನ್ನೇ ಬೈದಿದ್ದೆ. ತಪ್ಪಾದ ತೂಕಗಳನ್ನೆಲ್ಲ ಕಟ್ಟುಗಳ ರಸೀತಿಯೊಡನೆ ತಾಳೆ ನೋಡಿ, ದೋಷ ಪ್ರೋಗ್ರಾಂನದೆಂದು ಟಿಪ್ಪಣಿ ಬರೆದು ರುಜು ಹಾಕಿದೆ. ಹುಡುಗನ ಮೆಮೊ ವಾಪಸಾಯಿತು. ಅವನು ನನ್ನೊಡನೆ ಮೊದಲಿನಂತೆ ಮಾತಾಡುವುದಿಲ್ಲ, ಅದು ನ್ಯಾಯವೇ.

ಮೊನ್ನೆ ಮನೆಯಲ್ಲಿ ಎರಡು ಗಣಕಗಳಿಗೆ ಕೇಬಲ್ ಕಟ್ಟಿ, ಮಾವನ ಎದುರಿಗೆ ‘ಕೋಡಂಬಾಕ್ಕಂ’ ಎಂದು ಕನ್ನಡದಲ್ಲಿ ಕಳಿಸಿದೆ. ಯೂನಿಕೋಡಿನಲ್ಲಿ ಅದು ಹತ್ತು ಸಂಕೇತ, ಒಂದೊಂದಕ್ಕೆ ಮೂರು ಬೈಟು, ಒಟ್ಟು 30. ಮೂರು ಬೈಟುಗಳ ನಡುವೆ ತುಂಡಾದರೆ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುವುದರಿಂದ ಇಲ್ಲೂ ಕಾದೇ ಓದಬೇಕು. 9600 ಬಾಡ್‌ನಲ್ಲಿ ಇಡೀ ಹೆಸರಿಗೆ ಹಿಡಿದದ್ದು ಸುಮಾರು 31 ಮಿಲಿಸೆಕೆಂಡು. ಮಾವನ ಯಂತ್ರದಲ್ಲಿ ಅಷ್ಟು ಹೊತ್ತಿಗೆ ಒಂದು ಅಕ್ಷರದ ಕಾಲುಭಾಗವೂ ಹೋಗುತ್ತಿರಲಿಲ್ಲ. ಅವರು ಲೆಕ್ಕವನ್ನು ಅಷ್ಟಾಗಿ ಕೇಳಿಸಿಕೊಳ್ಳಲಿಲ್ಲ. ಊರಿನಿಂದ ಬರುತ್ತಿದ್ದ ‘ಮದರ್ ಸೀರಿಯಸ್’ ತಂತಿಗಳನ್ನೆಲ್ಲ ಇಂಗ್ಲಿಷಿನಲ್ಲೇ ಅಚ್ಚು ಮಾಡಿ, ಕನ್ನಡದವರ ಮನೆಯೆಂದು ತಿಳಿದರೆ ತಾವೇ ಹೋಗಿ ಓದಿ ಹೇಳಿ ಬರುತ್ತಿದ್ದರಂತೆ. ಪರದೆಯ ಮೇಲಿನ ಅಕ್ಷರಗಳನ್ನು ನೋಡುತ್ತ, ಅವರ ತವರೂರಿನ ಹೆಸರನ್ನೂ ಒಮ್ಮೆ ಕಳಿಸು ಎಂದರು. ಕಳಿಸಿದೆ.